ಕೊಡ್ಲಿಗೆ ಹೋದ ಕಾರ್ಡು

ಅಂಚೆಗೆ ಹಾಕುವ ಕಾರ್ಡು ತೆಳ್ಳಗಿರಬೇಕು. ಇಷ್ಟು ಸಣ್ಣ ಮಾತು ಕಲಿಯಲು ನನಗೆ ಮೂರು ಸಂಕ್ರಮಣ ಬೇಕಾದವು. ಮೊದಲ ವರ್ಷ ಲಂಬಾಣಿ ಲಂಗದ ಸಣ್ಣ ಕನ್ನಡಿಗಳನ್ನು ಅಂಟಿಸಿ ಕಳಿಸಿದೆ, ದಾರಿಯಲ್ಲೇ ಪುಡಿಪುಡಿಯಾದವು. ಎರಡನೆಯ ವರ್ಷ ಜೋಳದ ಸಣ್ಣದೊಂದು ತೆನೆಯನ್ನು ಚಪ್ಪಟೆ ಮಾಡಿ ಇಟ್ಟೆ, ಸೇಡಂನ ಗೆಳತಿಯ ಮನೆ ಮುಟ್ಟುವಷ್ಟರಲ್ಲಿ ಅದಕ್ಕೆ ನುಸಿ ಹತ್ತಿತ್ತು. ಮೂರನೆಯ ವರ್ಷ ಹತ್ತಿಯಿಂದ ಮೊಲ ಮಾಡಿದೆ, ಲಕೋಟೆ ಹೊಟ್ಟೆ ಉಬ್ಬಿಸಿಕೊಂಡು ಬಾಯಿ ಬಿಟ್ಟಿತು. ಚಿತ್ತಾಪುರದ ಟೀಚರೊಬ್ಬರು ಫೋನು ಮಾಡಿ, "ನಿಮ್ಮ ಮೊಲ ಹಾದ್ಯಾಗ ಎಲ್ಲೋ ಇಳದು ಹೋಗ್ಯಾದ ನೋಡ್ರಿ, ಬರೇ ಕಿವಿ ಬಂದಾವ" ಎಂದು ನಕ್ಕರು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರುವುದಕ್ಕೆ ಇಷ್ಟೇ ಸಾಕು.

ನಾನು ಇರುವುದು ಶಹಾಬಾದದಲ್ಲಿ, ಚಿತ್ರಕಲೆ ಕಲಿಸುವುದು ವಾಡಿಯ ಒಂದು ಖಾಸಗಿ ಶಾಲೆಯಲ್ಲಿ. ಬೆಳಿಗ್ಗೆ ಪ್ಯಾಸೆಂಜರ್ ಹಿಡಿದು ಹೋಗುವುದು, ಸಂಜೆ ಸಿಕ್ಕ ಗಾಡಿ ಹಿಡಿದು ಬರುವುದು. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳುವವರು ಈಗ ಕಡಿಮೆಯಾಗಿದ್ದಾರೆ, ಪುಣ್ಯ ನನ್ನದು. ಮನೆಯಲ್ಲಿ ನಾನು, ಅವ್ವ ಇಬ್ಬರೇ ಇದ್ದೆವು. ಪಕ್ಕದ ಮನೆಯ ಚಾಚಿ ಮದುವೆ ಕಾರ್ಡು ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕಾಗದ ಮಡಚುವ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಕತ್ತರಿಸಿ ಬಿಸಾಡಿದ ದಪ್ಪ ಕಾಗದವನ್ನೆಲ್ಲ ಚೀಲದಲ್ಲಿ ತುಂಬಿ ತಂದು ನನ್ನ ಮುಂದೆ ಸುರಿಯುತ್ತಾರೆ. ಸುರಿದು ಅಲ್ಲೇ ಕೂತು ಕಾಡಿಸುತ್ತಾರೆ.

"ಟೀಚರಮ್ಮ, ಗಂಡ ಇಲ್ಲ ಮಕ್ಕಳಿಲ್ಲ, ಒಂದು ಕತ್ತರಿ ಕಟ್ಟಿಕೊಂಡು ಕುಂತೀದಿ. ಎಲ್ಲಾರೂ ಮೊಬೈಲದಾಗ ಒಂದು ಬೆರಳು ಒತ್ತಿ ಮುಗಿಸ್ತಾರ, ನೀ ಗೋಂದು ಹಚ್ಚಿ ಸಾಯ್ತಿ."

"ಒತ್ತಿದ್ದು ಒರಸಿ ಹೋಗ್ತದರಿ ಚಾಚಿ. ಹಚ್ಚಿದ್ದು ಇರ್ತದ."

ಹೀಗೆ ದೊಡ್ಡ ಮಾತಾಡುತ್ತಿದ್ದೆ. ಖರೆ ಸಂಗತಿ ಬೇರೆ ಇತ್ತು. ಪ್ರತಿ ವರ್ಷ ಮೂವತ್ತು ಕಾರ್ಡು ಮಾಡುತ್ತಿದ್ದೆ: ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಗಿದ್ದ ನನ್ನ ಜೊತೆ ಟ್ರೇನಿಂಗ್ ಮಾಡಿದವರಿಗೆ, ವಾಡಿಯ ಶಾಲೆಯವರಿಗೆ, ನಿವೃತ್ತರಾದ ಮೇಷ್ಟ್ರುಗಳಿಗೆ. ಅದರಲ್ಲಿ ಇಪ್ಪತ್ತೊಂಬತ್ತು ನೆಪಕ್ಕೆ. ಮೂವತ್ತನೆಯದು ಕೊಡ್ಲಿ ಎಂಬ ಊರಿನಲ್ಲಿದ್ದ ನನ್ನ ಅಕ್ಕನಿಗೆ. ಒಂದೇ ಕಾರ್ಡು ಮಾಡಿ ಒಬ್ಬಳಿಗೇ ಕಳಿಸಿದರೆ ಅಂಗಲಾಚಿದಂತೆ ಕಾಣುತ್ತದೆ. ಮೂವತ್ತರಲ್ಲಿ ಒಂದಾದರೆ ಎಲ್ಲರಿಗೂ ಕಳಿಸಿದ್ದೇನೆ, ನಿನಗೂ ಕಳಿಸಿದ್ದೇನೆ, ಅಷ್ಟೇ. ನನ್ನ ಸೊಕ್ಕು ನನಗೆ ಗೊತ್ತಿಲ್ಲವೇ?

ಅಕ್ಕ ನನ್ನೊಡನೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು.

ನಮ್ಮಪ್ಪ ಭಂಕೂರಿನ ಕಡೆಯ ಕಲ್ಲಿನ ಗಣಿಗಳಲ್ಲಿ, ಪಾಲಿಶ್ ಮಷೀನುಗಳಲ್ಲಿ ಜೀವ ತೇದವನು. ಅವನು ತೀರಿದಾಗ ಅಕ್ಕ ಕೊಡ್ಲಿಯ ಗಂಡನ ಮನೆಯಲ್ಲಿ ಏಳು ದಿನದ ಬಾಣಂತಿ. ಹೆರಿಗೆಯಲ್ಲಿ ಬಹಳ ರಕ್ತ ಹೋಗಿ ಅವಳೂ ಉಳಿಯುತ್ತಾಳೋ ಇಲ್ಲವೋ ಅನ್ನುವ ಹಾಗಿತ್ತು. ಅವ್ವ ಅಪ್ಪನ ಹೆಣದ ಪಕ್ಕ ಕೂತೇ ನನ್ನ ಕೈ ಹಿಡಿದು, "ಆಕೀಗಿ ಹೇಳಬ್ಯಾಡ. ಎದಿ ಒಡಕೊಂಡು ಹಾಲು ಬತ್ತತಾವ. ಒಂದು ಹೋತು, ಇನ್ನೆರಡು ಕಳಕೊಳ್ಳಲಾ ನಾ? ಹೇಳಬ್ಯಾಡ" ಅಂದಳು. ನಾನು ಹೇಳಲಿಲ್ಲ. ಮಣ್ಣಾದ ಮರುದಿನ ಭಾವನಿಗೆ ಫೋನು ಮಾಡಿದೆ.

ತಿಂಗಳು ಕಳೆದು ಕೂಸನ್ನು ಎತ್ತಿಕೊಂಡು ಅಕ್ಕ ಬಂದಳು. ಒಳಗೂ ಬರಲಿಲ್ಲ, ಪಡಸಾಲೆಯಲ್ಲಿ ನಿಂತು ಕೇಳಿದಳು: "ನನಗ ಹೇಳಬ್ಯಾಡ ಅಂದವರು ಯಾರು?" ಅವ್ವ ತಲೆ ತಗ್ಗಿಸಿದಳು. ಗಂಡ ಸತ್ತು ತಿಂಗಳಾದ ಹೆಂಗಸು, ಕುಂಕುಮವಿಲ್ಲದ ಹಣೆ, ಹೇಗೆ ನೋಡುತ್ತಾ ನಿಲ್ಲಲಿ? "ನಾನೇ" ಅಂದುಬಿಟ್ಟೆ. ಅವ್ವ ತಲೆ ಎತ್ತುತ್ತಾಳೆ, ಇಲ್ಲ ನಾನು ಅನ್ನುತ್ತಾಳೆ ಎಂದು ಒಂದು ಗಳಿಗೆ ಕಾದೆ. ಎತ್ತಲಿಲ್ಲ.

"ಅಪ್ಪನ ಮಾರಿ ತೋರಸಲಿಲ್ಲ ನೀ ನನಗ" ಎಂದು ಅಕ್ಕ ಹೋದವಳು ಮತ್ತೆ ಶಹಾಬಾದದ ದಾರಿ ತುಳಿಯಲಿಲ್ಲ. ನನ್ನ ನಂಬರು ಬ್ಲಾಕ್ ಮಾಡಿದಳು. ಬೇರೆಯವರ ಫೋನಿನಿಂದ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಕಟ್. ಅವ್ವ ಕಾಲು ಗಟ್ಟಿಯಿದ್ದಾಗ ಒಮ್ಮೆ ಕೊಡ್ಲಿಗೆ ಹೋಗಿ ನಾಲ್ಕು ದಿನ ಇದ್ದು ಬಂದಳು. "ಹೇಳಿದಿಯೇನು?" ಎಂದು ಕೇಳಿದೆ. "ಬಾಯಿ ಬರಲಿಲ್ಲವ್ವ" ಅಂದಳು. ಮುಂದೆ ಅವಳ ಕಾಲು ಹೋದವು, ಕಣ್ಣು ಮಂಜಾದವು. ನಾನೂ ಒಮ್ಮೆ ಹೋಗಿದ್ದೆ. ಅಕ್ಕ ಬಾಗಿಲಲ್ಲಿ ನನ್ನನ್ನು ನೋಡಿ, ಒಂದು ಮಾತೂ ಆಡದೆ ಕದ ಹಾಕಿಕೊಂಡಳು. ಇನ್ನು ಈ ಹೊಸ್ತಿಲಿಗೆ ಬಂದರೆ ನನ್ನ ಹೆಸರು ನನ್ನದಲ್ಲ ಎಂದು ಆ ಓಣಿಯಲ್ಲೇ ಆಣೆ ಮಾಡಿ ಬಂದೆ. ಮಾಡಿದ ಆಣೆ ಮೂರ್ಖರದಾದರೂ ನಡೆಸುತ್ತೇನೆ, ಅಂಥ ಸುಟ್ಟ ಗುಣ ನನ್ನದು. ಹಾಗಾಗಿ ಉಳಿದದ್ದು ಸಂಕ್ರಮಣದ ಕಾರ್ಡು. ಉತ್ತರ ಒಂದಕ್ಕೂ ಬರಲಿಲ್ಲ. ವಾಪಸ್ಸೂ ಬರಲಿಲ್ಲ.

ನಮ್ಮ ಕಡೆ ಸಂಕ್ರಮಣಕ್ಕೆ ಎಳ್ಳುಬೆಲ್ಲ, ಕುಸುರೆಳ್ಳು ಕೊಟ್ಟು "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಾಂಗ ಇರೋಣು" ಅನ್ನುತ್ತಾರೆ. ಇಡೀ ವರ್ಷ ಜಗಳಾಡಿದವರೂ ಅಂದು ಕೈ ಚಾಚುತ್ತಾರೆ, ಚಾಚಿದ ಕೈಗೆ ಇಲ್ಲ ಅನ್ನುವಂತಿಲ್ಲ. ದೂರ ಇದ್ದವರಿಗೆ ಕಾಗದದಲ್ಲಿ ನಾಲ್ಕು ಕಾಳು ಇಟ್ಟು ಕಳಿಸುವುದು ಹಳೆಯ ರೂಢಿ. ನನ್ನ ಕಾರ್ಡಿನಲ್ಲೂ ಅದೇ. ಮಡಿಕೆಯ ಒಳಗೆ ಸಣ್ಣ ಕಿಸೆ ಮಾಡಿ, ಅದರಲ್ಲಿ ಏಳೆಂಟು ಕುಸುರೆಳ್ಳು. ಗೋಂದು ಹಚ್ಚಿದ ಕಾರ್ಡನ್ನು ಅಪ್ಪ ಬಿಟ್ಟುಹೋದ ಪಾಲಿಶ್ ಫರಸಿ ಕಲ್ಲಿನ ತುಂಡಿನ ಕೆಳಗೆ ಒಂದು ದಿನ ಇಟ್ಟರೆ ರೊಟ್ಟಿಯ ಹಾಗೆ ಚಪ್ಪಟೆ ಕೂರುತ್ತಿತ್ತು. ಆದರೆ ಅಂಚೆಯ ಮುದ್ರೆ ಬಿದ್ದ ಜಾಗದಲ್ಲಿ ಕಾಳು ಪುಡಿಯಾಗಿ ಹಿಟ್ಟು ಸೋರುತ್ತಿತ್ತು. ಅಂಚೆ ಕಚೇರಿಯ ಕೌಂಟರಿನವನೇ ಒಂದು ದಿನ ಕೇಳಿದ: "ಟೀಚರ್, ನಾ ಶಿಕ್ಕಾ ಎಲ್ಲಿ ಹೊಡೀಲಿ ಹೇಳ್ರಿ. ಎಲ್ಲಿ ಹೊಡದ್ರೂ ನಿಮ್ಮ ಎಳ್ಳಿನ ಮ್ಯಾಲೇ ಬೀಳ್ತದ."

ಅವನು ಕೇಳಿದ್ದು ಸರಿಯೇ ಇತ್ತು. ಆ ಚಳಿಗಾಲ ಅದನ್ನೇ ಯೋಚಿಸುತ್ತಾ ಕೂತಾಗ ಅಪ್ಪನ ಕೈ ನೆನಪಾಯಿತು. ಲಾರಿಗೆ ಏರುವ ಫರಸಿಗಳಲ್ಲಿ ಪಾಲಿಶ್ ಆದ ಮುಖ ಯಾವುದು, ಹಿಡಿಯುವ ಬದಿ ಯಾವುದು ಎಂದು ಹಮಾಲರಿಗೆ ಗೊತ್ತಾಗಲಿ ಎಂದು ಅಪ್ಪ ಒಂದು ಮೂಲೆಯನ್ನು ಸುತ್ತಿಗೆಯಿಂದ ಚೂರು ಹಾರಿಸುತ್ತಿದ್ದ. ಓದು ಬಾರದವನಿಗೂ ತಿಳಿಯುವ ಗುರುತು. ನಾನೂ ಹಾಗೇ ಮಾಡಿದೆ. ಲಕೋಟೆ ಬಿಟ್ಟೆ. ಕಾರ್ಡನ್ನೇ ಮಡಚಿ, ಅಂಚಿಗೆ ಕಾಗದದ ಪಟ್ಟಿ ಅಂಟಿಸಿ, ಮೇಲೆ ವಿಳಾಸ ಬರೆದು, ಕಾಳಿಲ್ಲದ ಬದಿಯ ಮೇಲಿನ ಮೂಲೆಯನ್ನು ಹೆಬ್ಬೆರಳ ಉಗುರಿನಷ್ಟು ಅಡ್ಡಕ್ಕೆ ಕತ್ತರಿಸಿದೆ. ಮೂಲೆ ಎಲ್ಲಿ ಇಲ್ಲವೋ ಅಲ್ಲಿ ಮುದ್ರೆ. ಕೌಂಟರಿನವನು ನೋಡಿ, "ಭಾಳ ಶ್ಯಾಣ್ಯಾರಿದ್ದೀರಿ ಬಿಡ್ರಿ" ಅಂದ. ಎರಡು ದಿನ ಆ ಮಾತು ನೆನೆಸಿಕೊಂಡು ಒಬ್ಬಳೇ ನಗುತ್ತಿದ್ದೆ.

ಅದೇ ಚಳಿಗಾಲ ಅವ್ವ ಹಾಸಿಗೆ ಹಿಡಿದಳು. ಕಾಲಿನ ಬಾವು ಹೊಟ್ಟೆಗೆ ಏರಿತು. ಕಲಬುರಗಿಯ ಡಾಕ್ಟರು ಎಲ್ಲ ನೋಡಿ, "ಮನಿಗಿ ಕರಕೊಂಡು ಹೋಗ್ರಿ, ಏನು ಬೇಡ್ತಾರ ಕೊಡ್ರಿ" ಅಂದರು. ಮನೆಗೆ ಬಂದ ದಿನ, ಏನು ಬೇಕವ್ವಾ ಎಂದು ಕೇಳಿದೆ.

"ದೊಡ್ಡಾಕೀನ ಕರಸು," ಅಂದಳು. "ಆವತ್ತಿಂದು ನಾ ಬಾಯಿಬಿಟ್ಟು ಹೇಳ್ತೀನಿ. ಹೇಳದೆ ಹ್ವಾದ್ರ ಮ್ಯಾಲ ನಿಮ್ಮಪ್ಪ ನನ್ನ ಮಾರಿ ನೋಡಂಗಿಲ್ಲ."

ಹನ್ನೊಂದು ವರ್ಷ ನಾನು ಈ ಮಾತಿಗೆ ಕಾದಿದ್ದೆ. ಅವ್ವನಿಗಾಗಿ ಮಾತ್ರ ಅಕ್ಕ ಬರಲಿ ಎಂದು ಹೇಳಿದರೆ ಸುಳ್ಳಾದೀತು. ನನ್ನ ತಲೆಯ ಮೇಲಿನ ಹೊರೆ ಇಳಿಯಲಿ ಎಂಬ ಆಸೆ ಅದಕ್ಕಿಂತ ಜೋರಾಗಿತ್ತು. ಅವ್ವ ಸಾಯುವುದರೊಳಗೆ ಅಕ್ಕ ಬರಬೇಕು, ಅವ್ವನ ಬಾಯಿಂದಲೇ ಕೇಳಬೇಕು. ನಾನು ಹೇಳಿದರೆ ನಂಬುತ್ತಾಳೆಯೇ? ಸಾಯುವವಳ ಮೇಲೆ ತಪ್ಪು ಹೊರಿಸುತ್ತಾಳೆ ನೋಡು ಅನ್ನುತ್ತಾಳೆ.

ಆ ಸಲದ ಮೂವತ್ತನೆಯ ಕಾರ್ಡಿಗೆ ಒಂದು ವಾರ ಹಿಡಿಯಿತು. ಮೇಲೆ ತೊಗರಿ ಹೂವಿನ ಚಿತ್ರ. ಒಳಗೆ ಎಳ್ಳುಬೆಲ್ಲದ ಮಾತು, ಅದರ ಕೆಳಗೆ: "ಅಕ್ಕಾ, ಅವ್ವ ಹಾಸಿಗೆ ಹಿಡಿದಿದ್ದಾಳೆ. ಡಾಕ್ಟರು ಕೈ ಬಿಟ್ಟಿದ್ದಾರೆ. ನಿನಗೆ ಒಂದು ಮಾತು ಹೇಳಬೇಕಂತೆ. ನನ್ನ ಮೇಲೆ ಸಿಟ್ಟಿದ್ದರೆ ನಾನು ಚಾಚಿ ಮನೆಯಲ್ಲಿ ಇರುತ್ತೇನೆ, ನೀನು ಅವ್ವನನ್ನು ನೋಡಿ ಹೋಗು."

ಅವ್ವ ಕಾರ್ಡನ್ನು ಕೈಗೆ ಕೊಡಿಸಿಕೊಂಡಳು. ಕಣ್ಣು ಕಾಣದಿದ್ದರಿಂದ ಎದೆಯ ಮೇಲೆ ಇಟ್ಟುಕೊಂಡು ಅಂಗೈಯಿಂದ ಒಮ್ಮೆ ಸವರಿದಳು.

"ನಾಕೂ ಮೂಲಿಗಿ ಅರಿಶಿಣ ಹಚ್ಚು."

"ಎವ್ವಾ, ಅರಿಶಿಣ ಮಂದಿ ಕಾಗದಕ್ಕೆಲ್ಲ ಹತ್ತತದ. ಪೋಸ್ಟಿನವರು ಬೈತಾರ."

"ಆತು ಬಿಡವ್ವ. ನಿಂಗೇ ಭಾಳ ತಿಳೀತದ."

ಸಂಕ್ರಮಣಕ್ಕೆ ಎಂಟು ದಿನ ಇರುವಾಗ ಕಾರ್ಡು ಹಾಕಿದೆ. ಯಾರ ಕೈಲಾದರೂ ಹೇಳಿಸಬಹುದಿತ್ತಲ್ಲ ಎಂದು ಈಗ ಎಲ್ಲರೂ ಕೇಳುತ್ತಾರೆ. ಕೊಡ್ಲಿಯಲ್ಲಿ ನಮ್ಮವರು ಬೇರೆ ಯಾರೂ ಇಲ್ಲ. ಭಾವನ ಹಳೆಯ ನಂಬರು ಹತ್ತುತ್ತಿರಲಿಲ್ಲ. ಚಾಚಿ ಎರಡು ಸಲ ತಮ್ಮ ಫೋನಿನಿಂದ ಮಾಡಿದರು, ಎತ್ತಲಿಲ್ಲ. ನಾನೇ ಹೋಗಬೇಕಿತ್ತು. ಅವ್ವನನ್ನು ಒಂದು ದಿನ ಚಾಚಿಯ ಕೈಗೆ ಒಪ್ಪಿಸಿ, ಎರಡು ಬಸ್ಸು ಬದಲಿಸಿ, ಆ ಮುಚ್ಚಿದ ಕದ ಬಡಿಯಬೇಕಿತ್ತು. ಆಣೆ ಅಡ್ಡ ಬಂತು. ಕಾರ್ಡು ಹೋಗಿದೆಯಲ್ಲ, ಓದಿದರೆ ಕಲ್ಲೂ ಕರಗುತ್ತದೆ ಎಂದುಕೊಂಡೆ.

ಸಂಕ್ರಮಣದ ದಿನ ಸಜ್ಜೆ ರೊಟ್ಟಿ ತಟ್ಟಿದೆ, ಭಜ್ಜಿ ಪಲ್ಯ ಮಾಡಿದೆ. ಅಕ್ಕನಿಗೆಂದು ಒಂದು ತಾಟು ಹೆಚ್ಚು ತೊಳೆದಿಟ್ಟೆ. ಅವ್ವ ಎಳ್ಳು ಮುಟ್ಟಲಿಲ್ಲ, ಆಕಿ ಬಂದ ಮೇಲೆ ಅಂದಳು. ಮಧ್ಯಾಹ್ನವಾಯಿತು, ಸಂಜೆಯಾಯಿತು. ಮರುದಿನ, ಅದರ ಮರುದಿನ. ನಮ್ಮ ಮನೆ ಬಸ್ಸಿನ ರಸ್ತೆಗೆ ಹತ್ತಿರ. ಹಾರ್ನು ಕೇಳಿದಾಗೊಮ್ಮೆ ಅವ್ವ ಕುತ್ತಿಗೆ ಎತ್ತುತ್ತಿದ್ದಳು. "ಕೊಡ್ಲಿ ಕಡೀದೇನು?" "ಅಲ್ಲವ್ವ." ಸ್ವಲ್ಪ ಹೊತ್ತಾದರೆ ಮತ್ತೆ, "ಈಗ ಬಂದದ್ದು?" ನಾನು ಶಾಲೆಗೆ ರಜೆ ಹಾಕಿ ಕೂತಿದ್ದೆ. ದಿನಕ್ಕೆ ಹತ್ತು ಸಲ ಅದೇ ಪ್ರಶ್ನೆ, ಅದೇ ಉತ್ತರ. ತಲೆ ಚಿಟ್ಟು ಹಿಡಿಯುತ್ತಿತ್ತು.

ಸಿಟ್ಟು ದಿನದಿನಕ್ಕೆ ಏರಿತು. ಅಡುಗೆಮನೆಯಲ್ಲಿ ನಿಂತು ಅಕ್ಕನಿಗೆ ಬಾಯಿಗೆ ಬಂದಂತೆ ಶಾಪ ಹಾಕಿದೆ. ಎಂಥ ಹೆಣ್ಣು ಇವಳು, ಹೆತ್ತವಳು ಜೀವ ಕೈಯಲ್ಲಿ ಹಿಡಿದು ಮಲಗಿದ್ದಾಳೆ ಎಂದು ಬರೆದರೂ ಬಾರದವಳು. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಅವ್ವ ಮತ್ತೆ ಬಸ್ಸಿನ ಮಾತು ಎತ್ತಿದಾಗ ನನ್ನ ಬಾಯಿ ತಪ್ಪಿತು.

"ಆಕಿ ಬರಂಗಿಲ್ಲ! ಕಾರ್ಡು ಮುಟ್ಯಾದ, ಓದ್ಯಾಳ, ಬರಲಾರದೆ ಕುಂತಾಳ. ಆಕೀಗಿ ಸೊಕ್ಕು. ಸುಮ್ಮನ ಯಾಕ ಕುತಗಿ ಎತ್ತಿ ಸಾಯ್ತಿ?"

ಅವ್ವ ಗೋಡೆಯ ಕಡೆ ಹೊರಳಿದಳು. ಅಂದಿನಿಂದ ಬಸ್ಸಿನ ವಿಷಯ ಕೇಳುವುದನ್ನು ಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆಸುವವಳು ನಾನು. ನನ್ನ ನಾಲಿಗೆಗೆ ಬರೆ ಹಾಕುವವರು ಯಾರೂ ಇರಲಿಲ್ಲ.

ನಾಲ್ಕೈದು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಅವ್ವನ ಬಾಯಿಗೆ ಗಂಜಿ ಹಾಕಲು ಕೂತಿದ್ದೆ. ಅವಳು ನನ್ನ ಮಣಿಕಟ್ಟು ಹಿಡಿದಳು. ಅಷ್ಟು ಗಟ್ಟಿ ಹಿಡಿತ ಆ ಕೈಯಲ್ಲಿ ಎಲ್ಲಿತ್ತೋ.

"ಬಂದ್ಯಾ?" ಅಂದಳು.

ಯಾರನ್ನು ಕೇಳುತ್ತಿದ್ದಾಳೆಂದು ಕೂಡಲೇ ತಿಳಿಯಿತು. ಇಲ್ಲವ್ವ, ನಾನು ಸಣ್ಣಾಕಿ ಅನ್ನಬೇಕಿತ್ತು. ಆ ಮುಖ ನೋಡಿ ಆಗಲಿಲ್ಲ.

"ಬಂದೀನವ್ವ," ಅಂದೆ. ಅಕ್ಕ ಮೂಗಿನಿಂದ ಸ್ವಲ್ಪ ಎಳೆದು ಮಾತಾಡುತ್ತಾಳೆ, ಹಾಗೇ ಎಳೆದೆ.

"ಅಂದು ನಿನಗ ಹೇಳಬ್ಯಾಡ ಅಂದಾಕಿ ನಾನು. ಸಣ್ಣಾಕಿ ಸುಮ್ಮಸುಮ್ಮನ ತನ್ನ ಮ್ಯಾಲ ಹಾಕ್ಕೊಂಡಾಳ. ನಾ ಬಾಯಿ ಮುಚಗೊಂಡು ಕುಂತೆ. ನಿಮ್ಮಪ್ಪನ ಮಾರಿ ನಿನಗ ತಪ್ಪಸಿದಾಕಿ ನಾನು. ಸಿಟ್ಟು ಮಾಡಬ್ಯಾಡವ್ವ ನನ್ನ ಮ್ಯಾಲ."

"ಇಲ್ಲವ್ವ. ಸಿಟ್ಟಿಲ್ಲ. ಬಿಟ್ಟೀನಿ."

"ಖರೇ?"

"ಖರೇನೇ."

ಅವ್ವ ಕೈ ಸಡಿಲ ಬಿಟ್ಟಳು. ಎರಡು ಚಮಚ ಗಂಜಿ ಕುಡಿದಳು. ಅಕ್ಕನ ಬಾಯಿಂದ ಬರಬೇಕಾದ ಮಾತನ್ನು ನಾನು ಆಡಿ ಮುಗಿಸಿದ್ದೆ. ಪಾಪವೋ ಪುಣ್ಯವೋ ನನಗೆ ಇವತ್ತಿಗೂ ತಿಳಿಯದು. ಮರುದಿನ ಬೆಳಿಗ್ಗೆ, ಮುಖ ಒರೆಸಲು ಬಿಸಿನೀರು ತಂದಾಗ ಅವ್ವ ಇರಲಿಲ್ಲ.

ಸಂಕ್ರಮಣ ಕಳೆದು ಹದಿನಾರನೆಯ ದಿನ ಅದು. ಎಲ್ಲಕ್ಕಿಂತ ಮೊದಲು ಚಾಚಿಯನ್ನು ಕೂಗಿದೆ. "ಈ ಸಲ ನಾ ಆಕೀಗಿ ಮುಚ್ಚಂಗಿಲ್ಲರಿ. ಅವ್ವನ್ನ ಎತ್ತೂದಕ್ಕ ಮುಂಚೆ ಆಕಿ ಬರಲಿ, ಮಾರಿ ನೋಡ್ಲಿ. ಆಕಿ ಎತ್ತೂ ತನಕ ಹಚ್ಚರಿ ಫೋನು." ಚಾಚಿ ಹಚ್ಚುತ್ತಲೇ ಹೋದರು. ಆರನೆಯ ಸಲಕ್ಕೋ ಏಳನೆಯ ಸಲಕ್ಕೋ ಅಕ್ಕ ಎತ್ತಿದಳು. ಚಾಚಿಯ ಫೋನು ಹಳೆಯದು, ಸ್ಪೀಕರಿನಲ್ಲೇ ಮಾತಾಡಬೇಕು.

"ಬೇಟಿ, ನಾ ನಿಮ್ಮವ್ವನ ಬಾಜೂ ಮನಿ ಚಾಚಿ ಮಾತಾಡಾಕತ್ತೀನಿ. ದಿಲ್ ಗಟ್ಟಿ ಮಾಡ್ಕೋ. ನಿಮ್ಮವ್ವ ಹೋದ್ರವ್ವ."

ಅತ್ತ ಕಡೆಯಿಂದ ಅಳು ಬರಲಿಲ್ಲ. ತಣ್ಣಗಿನ ದನಿ ಬಂತು.

"ಗೊತ್ತದರಿ. ಹದಿನೆಂಟು ದಿನ ಆತು. ನಾ ಅತ್ತು ಮುಗಿಸೀನಿ. ಈಗ ಹೇಳಾಕ ನಿಮಗ ಪುರಸತ್ತಾತೇನು?"

ಚಾಚಿ ನನ್ನ ಮುಖ ನೋಡಿದರು. ನಾನು ಚಾಚಿಯ ಮುಖ ನೋಡಿದೆ. "ಏನಂತೀ ಬೇಟಿ?" ಎಂದು ಚಾಚಿ ತೊದಲಿದರು. "ಈಗ ಮುಂಜಾನಿ ಹೋಗ್ಯಾರ. ಇನ್ನೂ ಮೈ ಬೆಚ್ಚಗದ."

 ಆಮೇಲೆ ಫೋನಿನೊಳಗಿಂದ ಬಂದ ಕೂಗನ್ನು ಬರೆಯಲು ನನ್ನಿಂದಾಗದು. ಚಾಚಿಯ ಕೈಯಿಂದ ಫೋನು ನೆಲಕ್ಕೆ ಬಿತ್ತು.

ಅಕ್ಕ ಬರುವ ತನಕ ಎತ್ತಬಾರದು ಎಂದು ನಾನು ಹಟ ಹಿಡಿದೆ. ಹಿರಿಯರು ಗೊಣಗಿದರು, ಲೆಕ್ಕಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಜೀಪು ಮಾಡಿಕೊಂಡು ಭಾವನ ಜೊತೆ ಬಂದಳು. ಓಣಿಯ ತುದಿಯಿಂದಲೇ ಬಾಯಿ ಬಡಿದುಕೊಂಡು ಓಡಿ ಬಂದವಳು ಅವ್ವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಮೂಗು, ಹಣೆ, ಗಲ್ಲ ಎಲ್ಲ ಮುಟ್ಟಿ ನೋಡಿದಳು. ಅವಳ ತಲೆಯ ಮುಂಭಾಗ ಪೂರ್ತಿ ಬೆಳ್ಳಗಾಗಿತ್ತು. ಹನ್ನೊಂದು ವರ್ಷದಲ್ಲಿ ನಾನು ಅದನ್ನೂ ನೋಡಿರಲಿಲ್ಲ.

ಏನು ನಡೆದಿತ್ತು ಎಂಬುದನ್ನು ಮಣ್ಣಾದ ಮೂರನೆಯ ದಿನ, ಬಂದವರೆಲ್ಲ ಹೋದ ಮೇಲೆ ಹೇಳಿದಳು. ನನಗೆ ಹೇಳಿದಳು ಅನ್ನುವುದಕ್ಕಿಂತ ಎದುರಿನ ಗೋಡೆಗೆ ಹೇಳಿದಳು.

"ಹಬ್ಬಕ್ಕ ಎರಡು ದಿನ ಇತ್ತು. ಪೋಸ್ಟಿನಾಂವ ಬಂದು, ಶಹಾಬಾದದಿಂದ ಬಂದದ ನೋಡ್ರಿ ಅಂತ ನಮ್ಮ ಅತ್ತಿ ಕೈಯಾಗ ಕೊಟ್ಟ. ಆಕಿ ಓದಾಕ ಬರಲಾರದಾಕಿ. ತಿರುವಿ ನೋಡಿದ್ಲು, ಮೂಲಿ ಇಲ್ಲ. ಕೈಯಾಗಿನ ಮೊರ ಅಲ್ಲೇ ಒಗದು, 'ಎವ್ವಾ, ಹೊರಗ ಬಾ, ನಿಮ್ಮವ್ವನ ಮೂಲಿ ಹರದ ಕಾಗದ ಬಂದದ' ಅಂತ ಒದರಿದ್ಲು. ನಾ ಹೊರಗ ಬರೂದ್ರಾಗ ಚೂರುಚೂರು ಮಾಡಿ ಗಟಾರಕ್ಕ ಹಾಕಿದ್ಲು. ಹೊಸ್ತಿಲ ದಾಟಿಸಬಾರದಲ್ಲ ಅದನ್ನ. ಅಂಗಳದಾಗ ನನ್ನ ತಲಿ ಮ್ಯಾಲ ಎರಡು ಕೊಡ ನೀರು ಹಾಕಿದ್ರು."



ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂದರೆ ಬಾಯಲ್ಲಿ ಹುಳ ಬಿದ್ದಾವು. ಶುಭದ ಕಾಗದಕ್ಕೆ ಅರಿಶಿಣ ಹಚ್ಚಬೇಕು, ಸಾವಿನ ಕಾಗದಕ್ಕೆ ಮೂಲೆ ಹರಿಯಬೇಕು. ಮೂಲೆಯಿಲ್ಲದ ಕಾಗದವನ್ನು ಮನೆಯೊಳಗೆ ತರದೆ ಹೊರಗೇ ಹರಿದು ಹಾಕಿ ಸ್ನಾನ ಮಾಡಬೇಕು. ನಮ್ಮಜ್ಜಿಯ ಬಾಯಲ್ಲಿ ಎಷ್ಟು ಸಲ ಕೇಳಿಲ್ಲ ನಾನು! ಕೇಳಿದ್ದೆ, ಕಣ್ಣಿಂದ ಒಂದನ್ನೂ ನೋಡಿರಲಿಲ್ಲ. ನನ್ನ ಬುದ್ಧಿ ಬಲಿಯುವ ಹೊತ್ತಿಗೆ ಸಾವಿನ ಸುದ್ದಿಯೆಲ್ಲ ಫೋನಿನಲ್ಲಿ ಬರುತ್ತಿತ್ತು. ಕೌಂಟರಿನವನಂತೂ ಜನ ಕಾಗದ ಬರೆಯುವುದನ್ನು ಬಿಟ್ಟ ಮೇಲೆ ಅಂಚೆ ಕೆಲಸಕ್ಕೆ ಸೇರಿದವನು. ಉಳಿದ ಇಪ್ಪತ್ತೊಂಬತ್ತು ಮನೆಗಳಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಕೆಲವರಿಗೆ ಗೊತ್ತಿರಲಿಲ್ಲ, ಕೆಲವರು ಒಳಗೊಳಗೇ ಕಸಿವಿಸಿಪಟ್ಟು ಸುಮ್ಮನಿದ್ದರಂತೆ, ಆಮೇಲೆ ಹೇಳಿದರು. ಅವ್ವನ ಕಣ್ಣು ಕಾಣುತ್ತಿದ್ದರೆ ಒಂದೇ ನೋಟಕ್ಕೆ ಹಿಡಿದು ನನ್ನ ಕಪಾಳಕ್ಕೆ ಹೊಡೆಯುತ್ತಿದ್ದಳು. ಅರಿಶಿಣವಾದರೂ ಹಚ್ಚಿದ್ದರೆ ಆ ಮುದುಕಿ ಅನುಮಾನಪಟ್ಟು ಯಾರಿಂದಲಾದರೂ ಓದಿಸುತ್ತಿದ್ದಳೋ ಏನೋ.

"ಒಂದು ಫೋನು ಮಾಡಿ ಕೇಳಬಾರದಿತ್ತೇನಕ್ಕ?" ಎಂದೆ.

"ಏನಂತ ಕೇಳ್ಲಿ? ಅಪ್ಪಂದಾಗ ಮಣ್ಣಾದ ಮ್ಯಾಲ ಹೇಳಿದ್ರಿ. ಈ ಸಲ ಅದೂ ಇಲ್ಲ, ಕಾಗದ ಒಗದು ಕೈ ತೊಳಕೊಂಡಾಳ ಅಂತ ತಿಳದೆ. ನಿಮ್ಮ ಭಾವ ಹೋಗೂನು ಏಳು ಅಂದ್ರು. ಮಾರಿ ಮಣ್ಣಾಗ ಹೋದ ಮ್ಯಾಲ ಏನು ನೋಡಾಕ ಹೋಗ್ಲಿ ಅಂದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀ ವರ್ಷಾ ವರ್ಷಾ ಕಳಸಿದ್ದು ಎಲ್ಲಾ ಟ್ರಂಕಿನ್ಯಾಗ ಅವ. ನಾ ಒಂದೂ ಒಗದಿಲ್ಲ. ಇದನ್ನ ಓದಿದ್ರ ಅವತ್ತ ಹೊಂಟು ಬರ್ತಿದ್ದೆ."

ಇಬ್ಬರೂ ಅತ್ತೆವು. ಒಬ್ಬರನ್ನೊಬ್ಬರು ಹಿಡಿದುಕೊಂಡು ಅಲ್ಲ, ಅವಳು ಅಲ್ಲಿ, ನಾನು ಇಲ್ಲಿ. ಅತ್ತು ಮುಗಿದ ಮೇಲೆ ಅವಳು ಮೊದಲ ಸಲ ನನ್ನ ಕಡೆ ತಿರುಗಿದಳು.

"ಅವ್ವ ನನಗ ಏನೋ ಹೇಳಬೇಕು ಅಂದಿದ್ಲಂತಲ್ಲ. ಚಾಚಿ ಹೇಳಿದ್ರು. ಏನದು?"

ಬಾಯಿ ತೆರೆದೆ. ಅವ್ವನ ಒಂದೊಂದು ಮಾತೂ ನನಗೆ ಬಾಯಿಪಾಠವಿತ್ತು. ಅಷ್ಟು ಹೇಳಿದರೆ ಹನ್ನೊಂದು ವರ್ಷ ನಾನು ಹೊತ್ತದ್ದು ಇಳಿಯುತ್ತಿತ್ತು. ಎದುರಿಗೆ ಅಕ್ಕ ಕೂತಿದ್ದಳು, ಹದಿನೆಂಟು ದಿನದಲ್ಲಿ ಎರಡು ಸಲ ತಾಯಿಯನ್ನು ಕಳೆದುಕೊಂಡವಳು. ಈಗ ನಾನು ಬಾಯಿಬಿಟ್ಟರೆ ಆ ತಾಯಿಯ ಮೇಲೆ ಸಿಟ್ಟು ಮಾಡಬೇಕು. ಸಿಟ್ಟು ಮಾಡಿ, ಜಗಳಾಡಿ, ಬಿಟ್ಟೆ ಹೋಗು ಅನ್ನುವುದಕ್ಕೆ ತಾಯಿ ಎಲ್ಲಿದ್ದಾಳೆ? ಅವಳ ಪಾಲಿನ ಜಗಳವನ್ನೂ ನಾನೇ ಮುಗಿಸಿಬಿಟ್ಟಿದ್ದೆ.

"ನಿನ್ನ ಹೆಸರ ಹಿಡದು ಕರದ್ಲು," ಅಂದೆ.

"ಅಷ್ಟೇನಾ?"

"ಅಷ್ಟೇ."

ಮರುದಿನ ಹೊರಟಳು. ಭಾವ ಮುಂದೆ ಹೋಗಿ ಬಸ್ಸಿನ ಹತ್ತಿರ ನಿಂತಿದ್ದರು. ನಾನು ಚೀಲ ಹಿಡಿದುಕೊಂಡು ಹಿಂದೆ ನಡೆದೆ. ರಸ್ತೆಗೆ ಬಂದಾಗ ಅಕ್ಕ ನಿಂತು ಚೀಲ ತೆಗೆದುಕೊಂಡಳು.

"ಅಪ್ಪನ ಮಾತು ನಾ ಬಿಟ್ಟೀನಿ ತಂಗಿ," ಅಂದಳು. "ಅಪ್ಪನ ಮಾರಿ ತಪ್ಪಿಸಿದ್ದು ಇವತ್ತಿಗಿ ಮಾಫ್. ಮನಸಿನ್ಯಾಗ ಇಟಗೊಂಡು ನನಗೂ ಸಾಕಾಗ್ಯಾದ. ಆದ್ರ ನಮ್ಮವ್ವ ಇಲ್ಲಿ ಕುತಗಿ ಎತ್ತಿ ನನ್ನ ಹಾದಿ ನೋಡೂ ಹೊತ್ತಿನ್ಯಾಗ ನಾ ಅಲ್ಲಿ ಆಕಿ ಸತ್ತಾಳಂತ ನೀರು ಹಾಕ್ಕೊಂಡು ಕುಂತಿದ್ದೆ. ಇದು ಮಾತ್ರ ನನ್ನ ಕೈಲೆ ಆಗಂಗಿಲ್ಲ. ಸಾಯೂ ತನಕ ಆಗಂಗಿಲ್ಲ."

ನಾನು ಹೂಂ ಅಂದೆ.